ಪೋರ್ಟಬಲ್ ಹೆಡ್‌ಫೋನ್ ಆಂಪ್‌ಗೆ ಎಷ್ಟು ಗೇನ್ ಇಡಬೇಕು?

‘ಆಂಪ್ ತರಿಸಿಕೊಂಡೆ, ಪಕ್ಕದಲ್ಲಿ ಲೋ–ಹೈ ಅಂತ ಒಂದು ಸಣ್ಣ ಸ್ವಿಚ್ ಇದೆ. ಯಾವ ಕಡೆ ಇಡಬೇಕು?’ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಆಂಪ್ ಅಂದರೆ ಆಂಪ್ಲಿಫೈಯರ್, ಫೋನಿನಿಂದ ಬರುವ ಅಲೆಯನ್ನು ಹಿಗ್ಗಿಸಿ ಹೆಡ್‌ಫೋನ್‌ಗೆ ಕೊಡುವ ಸಣ್ಣ ಡಬ್ಬಿ. ಆ ಸ್ವಿಚ್ ಬದಲಿಸುವುದು ಅದರ ಗೇನನ್ನು. ಕೇಳುವವರಲ್ಲಿ ಎರಡು ಬಗೆ. ಆನ್‌ಲೈನ್‌ನಲ್ಲಿ ರೆಡಿ ಆಂಪ್ ತರಿಸಿಕೊಂಡವರು ಒಂದು ಬಗೆ. ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂ ಇಂಥ ಕಾಲೇಜುಗಳಲ್ಲಿ ಓದುತ್ತಾ ಸಿಮೋಯ್ ಸರ್ಕ್ಯೂಟನ್ನು (9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸರಳ ಹೆಡ್‌ಫೋನ್ ಆಂಪ್) ತಾವೇ ಬೆಸೆದು ಡಬ್ಬಿಗೆ ಹಾಕಿಕೊಳ್ಳುವವರು ಇನ್ನೊಂದು. ಇಬ್ಬರಿಗೂ ಉತ್ತರ ಒಂದೇ: ನಿಮ್ಮ ಹೆಡ್‌ಫೋನ್‌ಗೆ ಸಾಕಾಗುವ ಗೇನ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದನ್ನೇ ಇಡಿ. ಸಾಕಾಗುವುದು ಎಷ್ಟು ಎಂದು ಊಹಿಸುತ್ತಾ ಕೂರಬೇಕಿಲ್ಲ. ಒಂದು ಹಾಳೆ, ಒಂದು ಪೆನ್ನು ಇದ್ದರೆ ಹತ್ತು ನಿಮಿಷದಲ್ಲಿ ಲೆಕ್ಕ ಸಿಗುತ್ತದೆ.

ಮೊದಲು ಗೇನ್ ಅಂದರೆ ಏನು ಅನ್ನುವುದು ಸ್ಪಷ್ಟವಾಗಲಿ

ಗೇನ್ ಒಂದು ಗುಣಾಕಾರ, ಅಷ್ಟೇ. ಆಂಪ್‌ನ ಒಳಗೆ ಹೋದ ವೋಲ್ಟೇಜು ಹೊರಗೆ ಬರುವಾಗ ಎಷ್ಟು ಪಟ್ಟು ಆಯಿತು ಎಂಬುದನ್ನು ಅದು ಹೇಳುತ್ತದೆ. ಅರ್ಧ ವೋಲ್ಟ್ ಒಳಗೆ ಹೋಗಿ 2 ವೋಲ್ಟ್ ಹೊರಬಂದರೆ ಗೇನ್ 4 ಪಟ್ಟು. ಆಂಪ್ ಪೆಟ್ಟಿಗೆಯ ಮೇಲೆ ಇದನ್ನು ಪಟ್ಟಿನ ಬದಲು ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ. ಈ ಕೆಲವು ಜೋಡಿ ನೆನಪಿದ್ದರೆ ಸಾಕು:

0 ಡೆಸಿಬೆಲ್ = 1 ಪಟ್ಟು (ಬಂದಷ್ಟೇ ಹೋಗುತ್ತದೆ)
6 ಡೆಸಿಬೆಲ್ = 2 ಪಟ್ಟು
10 ಡೆಸಿಬೆಲ್ = 3.2 ಪಟ್ಟು
14 ಡೆಸಿಬೆಲ್ = 5 ಪಟ್ಟು
20 ಡೆಸಿಬೆಲ್ = 10 ಪಟ್ಟು

ಇಲ್ಲಿ ಬಹಳ ಜನ ಎಡವುತ್ತಾರೆ. ಹೈ ಗೇನ್‌ಗೆ ಹಾಕಿದರೆ ಆಂಪ್‌ಗೆ ‘ಪವರ್’ ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ. ಹೆಚ್ಚುವುದಿಲ್ಲ. ಭದ್ರಾ ಕಾಲುವೆಯ ತೂಬನ್ನು ನೆನೆಸಿಕೊಳ್ಳಿ: ತೂಬನ್ನು ಎಷ್ಟೇ ಎತ್ತಿದರೂ ಕಾಲುವೆಯಲ್ಲಿ ಇರುವಷ್ಟೇ ನೀರು ಗದ್ದೆಗೆ ಬಂದೀತು. ಇಲ್ಲಿ ತೂಬು ಗೇನ್, ಕಾಲುವೆ ಬ್ಯಾಟರಿ. ಆಂಪ್ ಕೊಡಬಹುದಾದ ಗರಿಷ್ಠ ವೋಲ್ಟೇಜನ್ನು ನಿರ್ಧರಿಸುವುದು ಬ್ಯಾಟರಿ ಮತ್ತು ಒಳಗಿನ ಐಸಿ, ಅಂದರೆ ಅಲೆಯನ್ನು ಹಿಗ್ಗಿಸುವ ಚಿಪ್. ಆ ಮಿತಿಯನ್ನು ಎಷ್ಟು ಬೇಗ ಮುಟ್ಟುತ್ತೀರಿ ಎಂಬುದಷ್ಟೇ ಗೇನ್ ಕೈಯಲ್ಲಿದೆ.

ಗೇನ್ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಆಗುವ ತೊಂದರೆ ಮೂರು. ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸುವಷ್ಟರಲ್ಲೇ ಕಿವಿಗೆ ಅಪ್ಪಳಿಸುವಷ್ಟು ಸದ್ದಾಗುತ್ತದೆ, ಮತ್ತು ನಾಬ್‌ನ ಆ ಕೆಳತುದಿಯಲ್ಲಿ ಎಡ–ಬಲ ಸಮ ಇರುವುದಿಲ್ಲ. ಹಾಡುವವರ ದನಿ ನಡುವಿನಿಂದ ಒಂದು ಕಿವಿಯ ಕಡೆಗೆ ಸರಿಯುತ್ತದೆ. ಎರಡನೆಯದು, ಹಾಡು ನಿಂತಾಗ ‘ಸುಂಯ್’ ಎನ್ನುವ ಸದ್ದು. ಮೂರನೆಯದು, ಜೋರಾದ ಜಾಗದಲ್ಲಿ ಸದ್ದು ಒಡೆಯುವುದು. ಇದನ್ನೇ ಕ್ಲಿಪ್ಪಿಂಗ್ ಅನ್ನುತ್ತಾರೆ. ಗೇನ್ ಕಡಿಮೆಯಾದರೆ ಇರುವ ತೊಂದರೆ ಒಂದೇ: ನಾಬ್ ಪೂರ್ತಿ ತಿರುಗಿಸಿದರೂ ಸದ್ದು ಸಾಲದು. ಅದನ್ನು ಸರಿಪಡಿಸುವುದು ಸುಲಭ. ಆದ್ದರಿಂದಲೇ ಯಾವಾಗಲೂ ಕೆಳಗಿನಿಂದ ಶುರುಮಾಡಬೇಕು.

ಬೇಕಾಗುವ ಸಾಮಾನು

ಹೆಡ್‌ಫೋನ್‌ನ ಪೆಟ್ಟಿಗೆ ಅಥವಾ ಕಂಪನಿಯವರೇ ಕೊಟ್ಟ ವಿವರಪಟ್ಟಿ, 3.5 ಮಿಲಿಮೀಟರ್ ಆಕ್ಸ್ ವೈರ್, 100 ಹರ್ಟ್ಸ್‌ನ ಟೆಸ್ಟ್ ಟೋನ್ ಫೈಲ್ ಮತ್ತು ಒಂದು ಮಲ್ಟಿಮೀಟರ್. ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಎಲ್ಲ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುವ ಹಳದಿ ಬಣ್ಣದ ಡಿಟಿ830ಡಿ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಎಸಿ ವೋಲ್ಟೇಜಿನ ಅತಿ ಚಿಕ್ಕ ರೇಂಜೇ 200 ವೋಲ್ಟ್. ಮನೆಯ ಪ್ಲಗ್ ಪಾಯಿಂಟ್ ಅಳೆಯಲು ಅದು ಸರಿ. 1 ವೋಲ್ಟ್ ಹಾಕಿದರೆ ಅದು ತೋರಿಸುವ ಅಂಕಿಯನ್ನು ನಂಬಲಾಗದು. ಎಸಿಯಲ್ಲಿ 2 ವೋಲ್ಟ್ ರೇಂಜ್ ಇರುವ ಅಥವಾ ಆಟೋ ರೇಂಜ್ ಮೀಟರ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್‌ನಲ್ಲೋ ಟಿವಿ ರಿಪೇರಿ ಅಂಗಡಿಯಲ್ಲೋ ಐದು ನಿಮಿಷ ಕೇಳಿ ಪಡೆಯಿರಿ. ಅದೂ ಸಿಗದಿದ್ದರೆ ಹಂತ 1ರಲ್ಲಿ ಕೊಟ್ಟಿರುವ ಅಂದಾಜು ಅಂಕಿ ಹಿಡಿದು ಮುಂದುವರಿಯಿರಿ.

ಹಂತ 1: ಮೂಲದಿಂದ ಎಷ್ಟು ವೋಲ್ಟ್ ಬರುತ್ತಿದೆ?

ಮೂಲ ಅಂದರೆ ಆಂಪ್‌ಗೆ ಹಾಡು ಕಳಿಸುವ ಸಾಧನ: ಫೋನ್, ಡಾಂಗಲ್, ಲ್ಯಾಪ್‌ಟಾಪ್, ಡ್ಯಾಕ್. ಡಾಂಗಲ್ ಅಂದರೆ ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ ಹೆಡ್‌ಫೋನ್ ಜ್ಯಾಕ್ ಪಡೆಯುವ ಸಣ್ಣ ತುಂಡು. ಡ್ಯಾಕ್ ಅಂದರೆ ಡಿಜಿಟಲ್ ಫೈಲನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಭಾಗ.

ಫೋನಿನಲ್ಲಿ 100 ಹರ್ಟ್ಸ್ ಟೋನ್ ಹಾಕಿ. ಈಕ್ವಲೈಜರ್, ಬಾಸ್ ಬೂಸ್ಟ್, ಡಾಲ್ಬಿ ಎಲ್ಲ ಆಫ್ ಇರಲಿ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ. ಆಕ್ಸ್ ವೈರಿನ ಒಂದು ತುದಿ ಡಾಂಗಲ್‌ಗೆ ಹಾಕಿ, ಇನ್ನೊಂದು ತುದಿಯ ಪಿನ್ನನ್ನು ಗಾಳಿಯಲ್ಲಿ ಬಿಡಿ. ಮೀಟರ್ ಎಸಿ ವೋಲ್ಟ್‌ನಲ್ಲಿರಲಿ. ಕಪ್ಪು ಕಡ್ಡಿಯನ್ನು ಪಿನ್ನಿನ ಬುಡಕ್ಕೆ, ಕೆಂಪು ಕಡ್ಡಿಯನ್ನು ತುದಿಗೆ ತಾಗಿಸಿ. ಬುಡ ಗ್ರೌಂಡ್, ತುದಿ ಎಡ ಚಾನಲ್. ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಬಂದ ಅಂಕಿ ಬರೆದಿಟ್ಟುಕೊಳ್ಳಿ. 1000 ಹರ್ಟ್ಸ್ ಟೋನ್ ಬೇಡ. ಸಾಧಾರಣ ಮೀಟರ್‌ಗಳ ಲೆಕ್ಕ ನಂಬಿಕೆಗೆ ಅರ್ಹವಾಗಿರುವುದು ಮನೆ ಕರೆಂಟಿನ 50 ಹರ್ಟ್ಸ್‌ನ ಆಸುಪಾಸಿನಿಂದ ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ.

ಅಳೆಯಲಾಗದವರಿಗೆ ಅಂದಾಜು: ಫೋನ್ ಮತ್ತು ಲ್ಯಾಪ್‌ಟಾಪ್ ಜ್ಯಾಕ್‌ಗಳಿಂದ ಅರ್ಧದಿಂದ 1 ವೋಲ್ಟ್. ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್‌ನಿಂದ ಸುಮಾರು 1 ವೋಲ್ಟ್. ಯುರೋಪಿನಲ್ಲಿ ಮಾರುವ ಮಾದರಿಯಾದರೆ ಅದರ ಅರ್ಧ. ಸಿಡಿ ಪ್ಲೇಯರ್ ಮತ್ತು ಮೇಜಿನ ಮೇಲಿಡುವ ಡ್ಯಾಕ್‌ಗಳ ಲೈನ್ ಔಟ್‌ನಿಂದ 2 ವೋಲ್ಟ್.

ಇಲ್ಲೊಂದು ಹೊಂಡವಿದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಿಗೆ ಆಪಲ್ ಡಾಂಗಲ್ ಹಾಕಿದಾಗ ಪರದೆಯ ಮೇಲೆ ವಾಲ್ಯೂಮ್ ಪೂರ್ತಿ ಏರಿದಂತೆ ಕಂಡರೂ ಡಾಂಗಲ್‌ನೊಳಗಿನ ವಾಲ್ಯೂಮ್ ಕೆಳಗೇ ಉಳಿದಿರುತ್ತದೆ. ಆಂಪ್ ಸೊರಗಿದಂತೆ ಕೇಳುತ್ತದೆ, ಜನ ಹೈ ಗೇನ್‌ಗೆ ಹೋಗುತ್ತಾರೆ, ‘ಸುಂಯ್’ ಶುರುವಾಗುತ್ತದೆ. ಮೀಟರ್‌ನಲ್ಲಿ 1 ವೋಲ್ಟ್ ಬರಬೇಕಾದಲ್ಲಿ ಅರ್ಧಕ್ಕಿಂತಲೂ ಕಡಿಮೆ ಬಂದರೆ ಮೊದಲು ಡಾಂಗಲ್ ಅಥವಾ ಆಪ್ ಬದಲಿಸಿ ನೋಡಿ, ಆಂಪ್ ಮುಟ್ಟಬೇಡಿ.

ಹಂತ 2: ಹೆಡ್‌ಫೋನ್‌ನ ಸೆನ್ಸಿಟಿವಿಟಿಯನ್ನು ವೋಲ್ಟ್‌ನ ಲೆಕ್ಕಕ್ಕೆ ತನ್ನಿ

ಸೆನ್ಸಿಟಿವಿಟಿ ಅಂದರೆ ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಸದ್ದು ಎಂಬ ಅಳತೆ. ಕಂಪನಿಗಳು ಇದನ್ನು ಎರಡು ಬಗೆಯಲ್ಲಿ ಬರೆಯುತ್ತವೆ. ಒಂದು, 1 ಮಿಲಿವ್ಯಾಟ್‌ಗೆ ಎಷ್ಟು ಡೆಸಿಬೆಲ್ ಎಂದು. ಇನ್ನೊಂದು, 1 ವೋಲ್ಟ್‌ಗೆ ಎಷ್ಟು ಎಂದು. ಎರಡನ್ನೂ ಬೆರೆಸಿ ಹೋಲಿಸಿದರೆ ಲೆಕ್ಕವೆಲ್ಲ ತಲೆಕೆಳಗು. ಗೇನ್‌ಗೆ ಬೇಕಾದ್ದು ವೋಲ್ಟ್‌ನ ಅಂಕಿ. ಪೆಟ್ಟಿಗೆಯ ಮೇಲೆ ಮಿಲಿವ್ಯಾಟ್‌ನ ಅಂಕಿ ಇದ್ದರೆ, ಇಂಪೀಡೆನ್ಸ್ (ಓಮ್‌ನಲ್ಲಿ ಬರೆದಿರುವ ಹೆಡ್‌ಫೋನ್‌ನ ವಿದ್ಯುತ್ ತಡೆ) ನೋಡಿಕೊಂಡು ಅದಕ್ಕೆ ಇಷ್ಟು ಸೇರಿಸಿ:

16 ಓಮ್ ಇದ್ದರೆ 18
32 ಓಮ್ ಇದ್ದರೆ 15
50 ಓಮ್ ಇದ್ದರೆ 13
80 ಓಮ್ ಇದ್ದರೆ 11
150 ಓಮ್ ಇದ್ದರೆ 8
250 ಓಮ್ ಇದ್ದರೆ 6
300 ಓಮ್ ಇದ್ದರೆ 5
600 ಓಮ್ ಇದ್ದರೆ 2

ಉದಾಹರಣೆಗೆ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 250 ಓಮ್ ಮಾದರಿ: ಮಿಲಿವ್ಯಾಟ್‌ಗೆ 96 ಡೆಸಿಬೆಲ್. 6 ಸೇರಿಸಿದರೆ ವೋಲ್ಟ್‌ಗೆ 102. ಆಡಿಯೋ-ಟೆಕ್ನಿಕಾ ಎಂ50ಎಕ್ಸ್: 38 ಓಮ್, 99 ಡೆಸಿಬೆಲ್. 38 ಓಮ್‌ಗೆ ಸೇರಿಸಬೇಕಾದ್ದು 14. ಅಲ್ಲಿಗೆ ವೋಲ್ಟ್‌ಗೆ 113. ಸೆನ್‌ಹೈಸರ್ ಎಚ್‌ಡಿ 600ಕ್ಕೆ ಕಂಪನಿಯೇ ವೋಲ್ಟ್‌ನ ಲೆಕ್ಕದಲ್ಲಿ 97 ಎಂದು ಕೊಟ್ಟಿದೆ. ಅದಕ್ಕೆ ಏನನ್ನೂ ಸೇರಿಸಬೇಡಿ.

ಎಂ50ಎಕ್ಸ್‌ಗೂ ಎಚ್‌ಡಿ 600ಕ್ಕೂ ನಡುವೆ 16 ಡೆಸಿಬೆಲ್ ಅಂತರ ಬಂತು ನೋಡಿ. ಪೆಟ್ಟಿಗೆಯ ಮೇಲಿನ 99 ಮತ್ತು 97ನ್ನು ಹಾಗೇ ಹೋಲಿಸಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತಿತ್ತು.

ಹಂತ 3: ಹೆಡ್‌ಫೋನ್‌ಗೆ ಬೇಕಾದ ವೋಲ್ಟ್ ಎಷ್ಟು?

ನಾವು ಹಿಡಿಯುವ ಗುರಿ 110 ಡೆಸಿಬೆಲ್. ಗಾಬರಿಯಾಗಬೇಡಿ, ಅಷ್ಟು ಜೋರಾಗಿ ಕೇಳಿ ಎಂದು ಹೇಳುತ್ತಿಲ್ಲ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವಾಗಿನ ಸರಾಸರಿ 75–80 ಡೆಸಿಬೆಲ್. ತಬಲಾದ ಒಂದು ಪೆಟ್ಟು, ಡೊಳ್ಳಿನ ಒಂದು ಹೊಡೆತ ಆ ಸರಾಸರಿಗಿಂತ 15–20 ಡೆಸಿಬೆಲ್ ಮೇಲಕ್ಕೆ ಚಿಮ್ಮಿ ಕ್ಷಣದಲ್ಲಿ ಇಳಿಯುತ್ತದೆ. ಅದರ ಮೇಲೆ ಇನ್ನೊಂದು 10 ಡೆಸಿಬೆಲ್ ಮೀಸಲು ಬೇಕು, ಏಕೆಂದರೆ ಎಲ್ಲ ಧ್ವನಿಮುದ್ರಣವೂ ಒಂದೇ ಮಟ್ಟದಲ್ಲಿರುವುದಿಲ್ಲ. ಈಗಿನ ಸಿನಿಮಾ ಹಾಡುಗಳನ್ನು ಫೈಲಿನ ನೆತ್ತಿಗೆ ತಾಗುವಂತೆ ಮಟ್ಟ ಏರಿಸಿ ಕೊಟ್ಟಿರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರಂಥವರ ಹಳೆಯ ಕಚೇರಿಯ ಧ್ವನಿಮುದ್ರಣ ಹಾಕಿ ನೋಡಿ: ನಾಬ್ ಇದ್ದಲ್ಲೇ ಇದ್ದರೆ ಆಲಾಪ ಎಲ್ಲೋ ದೂರದಲ್ಲಿ ಕೇಳಿದಂತಿರುತ್ತದೆ. ಈಕ್ವಲೈಜರ್ ಬಳಸುವವರು ಅದರ ಪ್ರೀಆಂಪನ್ನು (ಒಟ್ಟು ಮಟ್ಟ ಏರಿಳಿಸುವ ಪಟ್ಟಿ) ಮೈನಸ್ 6ಕ್ಕೆ ಇಳಿಸಿದ್ದರೆ ಆ 6 ಡೆಸಿಬೆಲ್ ಕೂಡ ಈ ಮೀಸಲಿನಿಂದಲೇ ಹೋಗಬೇಕು.

110ರಿಂದ ನಿಮ್ಮ ಹೆಡ್‌ಫೋನ್‌ನ ವೋಲ್ಟ್ ಲೆಕ್ಕದ ಅಂಕಿ ಕಳೆಯಿರಿ. ಉಳಿದದ್ದನ್ನು ಇಲ್ಲಿ ನೋಡಿ:

ಮೈನಸ್ 12 ಬಂದರೆ 0.25 ವೋಲ್ಟ್ ಸಾಕು
ಮೈನಸ್ 6 – 0.5 ವೋಲ್ಟ್
ಮೈನಸ್ 3 – 0.7 ವೋಲ್ಟ್
0 – 1 ವೋಲ್ಟ್
3 – 1.4 ವೋಲ್ಟ್
6 – 2 ವೋಲ್ಟ್
8 – 2.5 ವೋಲ್ಟ್
10 – 3.2 ವೋಲ್ಟ್
13 – 4.5 ವೋಲ್ಟ್

ಹಂತ 4: ಭಾಗಿಸಿ

ಹೆಡ್‌ಫೋನ್‌ಗೆ ಬೇಕಾದ ವೋಲ್ಟನ್ನು ಮೂಲದಿಂದ ಬರುವ ವೋಲ್ಟ್‌ನಿಂದ ಭಾಗಿಸಿದರೆ ಬೇಕಾದ ಗೇನ್ ಬಂತು.

ಎಂ50ಎಕ್ಸ್‌ಗೆ 110 ಕಳೆ 113, ಮೈನಸ್ 3, ಅಂದರೆ 0.7 ವೋಲ್ಟ್. ಡಾಂಗಲ್ 1 ವೋಲ್ಟ್ ಕೊಡುತ್ತಿದೆ. ಬೇಕಾದ ಗೇನ್ 0.7 ಪಟ್ಟು! ಅಂದರೆ ಈ ಹೆಡ್‌ಫೋನ್‌ಗೆ ಸದ್ದಿನ ಮಟ್ಟಕ್ಕಾಗಿ ಆಂಪೇ ಬೇಕಿಲ್ಲ. ಇದ್ದರೆ 0 ಡೆಸಿಬೆಲ್ ಅಥವಾ ಲೋ ಸಾಕು. ಬಹುಪಾಲು ಓದುಗರ ಸ್ಥಿತಿ ಇದೇ, ಮತ್ತು ಅವರಲ್ಲಿ ಬಹಳ ಜನ ಸ್ವಿಚ್ಚನ್ನು ಹೈನಲ್ಲಿಟ್ಟು ಕೇಳುತ್ತಿರುತ್ತಾರೆ.

ಡಿಟಿ 770 ಪ್ರೊ 250 ಓಮ್‌ಗೆ 8 ಉಳಿಯಿತು, ಅಂದರೆ 2.5 ವೋಲ್ಟ್. 1 ವೋಲ್ಟ್‌ನ ಡಾಂಗಲ್‌ಗೆ ಗೇನ್ 2.5 ಪಟ್ಟು, ಅಂದರೆ 8 ಡೆಸಿಬೆಲ್. ಅದೇ ಹೆಡ್‌ಫೋನನ್ನು ಅರ್ಧ ವೋಲ್ಟ್ ಮಾತ್ರ ಕೊಡುವ ಹಳೆಯ ಫೋನ್‌ಗೆ ಜೋಡಿಸಿದರೆ 5 ಪಟ್ಟು ಬೇಕು. 2 ವೋಲ್ಟ್‌ನ ಡ್ಯಾಕ್‌ಗೆ ಜೋಡಿಸಿದರೆ 1.25 ಪಟ್ಟು ಸಾಕು. ಹೆಡ್‌ಫೋನ್ ಒಂದೇ, ಆಂಪ್ ಒಂದೇ, ಗೇನ್ ಮಾತ್ರ ಮೂರು ಥರ. ‘ಈ ಹೆಡ್‌ಫೋನ್‌ಗೆ ಯಾವ ಗೇನ್?’ ಎಂದು ಕೇಳುವವರು ಮೂಲ ಯಾವುದು ಎಂದು ಹೇಳದಿದ್ದರೆ ಉತ್ತರ ಕೊಡಲಾಗದು.

ಎಚ್‌ಡಿ 600ಕ್ಕೆ 13 ಉಳಿಯುತ್ತದೆ, 4.5 ವೋಲ್ಟ್ ಬೇಕು. 1 ವೋಲ್ಟ್‌ನ ಮೂಲಕ್ಕೆ ನಾಲ್ಕೂವರೆ ಪಟ್ಟು. ಇದು ನಿಜವಾಗಿ ಹೆಚ್ಚಿನ ಗೇನ್ ಬೇಡುವ ಹೆಡ್‌ಫೋನ್.

ಹಂತ 5: ಬ್ಯಾಟರಿಗೆ ಅಷ್ಟು ಶಕ್ತಿ ಇದೆಯೇ?

ಎಚ್‌ಡಿ 600ರ ಲೆಕ್ಕ ಮುಗಿಯಿತು ಎಂದುಕೊಂಡು ಒಂದೇ 9 ವೋಲ್ಟ್ ಬ್ಯಾಟರಿಯ ಸಿಮೋಯ್ ಕಟ್ಟಿದರೆ ನಿರಾಸೆ ಖಂಡಿತ. ಮೀಟರ್ ತೋರಿಸುವ 4.5 ವೋಲ್ಟ್ ಎಸಿ ಅಂದರೆ ಅಲೆಯ ತುದಿ ಮೇಲೆ 6.3, ಕೆಳಗೆ 6.3. ತುದಿಯಿಂದ ತುದಿಗೆ ಸುಮಾರು 12.7 ವೋಲ್ಟ್. ಬ್ಯಾಟರಿ ಇರುವುದೇ 9. ಅದರಲ್ಲೂ ಆಪ್‌ಆಂಪ್ ಐಸಿ ಮೇಲೊಂದಿಷ್ಟು ಕೆಳಗೊಂದಿಷ್ಟು ತನಗೇ ಇಟ್ಟುಕೊಳ್ಳುತ್ತದೆ. ಒಂದು ತಾಜಾ ಬ್ಯಾಟರಿಯಿಂದ ಒಡೆಯದೆ ಸಿಗುವುದು 2 ವೋಲ್ಟ್ ಎಸಿ ಅಥವಾ ಅದಕ್ಕಿಂತ ತುಸು ಕಡಿಮೆ, ಮತ್ತು ಬ್ಯಾಟರಿ ಇಳಿದಂತೆ ಅದೂ ಇಳಿಯುತ್ತದೆ. ಎರಡು ಬ್ಯಾಟರಿ ಸರಣಿಯಲ್ಲಿ ಹಾಕಿ ಪ್ಲಸ್–ಮೈನಸ್ 9 ಮಾಡಿದರೆ ಎಚ್‌ಡಿ 600ಕ್ಕೆ ಬೇಕಾದ ಮಟ್ಟದ ಹತ್ತಿರ ಬರಬಹುದು. ರೀಚಾರ್ಜ್ ಆಗುವ 9 ವೋಲ್ಟ್ ಬ್ಯಾಟರಿಗಳಲ್ಲಿ ಹಲವು ನಿಜಕ್ಕೂ 8.4 ವೋಲ್ಟ್‌ನವು ಎಂಬುದೂ ಲೆಕ್ಕದಲ್ಲಿರಲಿ.

ರೆಡಿ ಆಂಪ್ ಕೊಂಡವರು ವಿವರಪಟ್ಟಿಯಲ್ಲಿ ಗರಿಷ್ಠ ಔಟ್‌ಪುಟ್ ವೋಲ್ಟೇಜ್ ನೋಡಿ. ಬೇಕಾದ್ದಕ್ಕಿಂತ ಅದು ಕಡಿಮೆ ಇದ್ದರೆ ಗೇನ್ ಸ್ವಿಚ್ಚಿನಿಂದ ಪರಿಹಾರವಿಲ್ಲ. ಅದು ಬೇರೆ ಆಂಪ್ ಅಥವಾ ಬೇರೆ ಹೆಡ್‌ಫೋನ್ ಕೇಳುವ ಪ್ರಶ್ನೆ.

ಇನ್ನೊಂದು ಸೂಕ್ಷ್ಮ: ಗೇನ್ ಹಂತ ವಾಲ್ಯೂಮ್ ನಾಬ್‌ಗಿಂತ ಮೊದಲಿದೆಯೋ ಆಮೇಲಿದೆಯೋ? ಸಿಮೋಯ್‌ನಲ್ಲಿ ನಾಬ್ ಮೊದಲು, ಗೇನ್ ಆಮೇಲೆ. ಸದ್ದು ಒಡೆದರೆ ನಾಬ್ ಇಳಿಸಿದರಾಯಿತು. 2011ರಲ್ಲಿ ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ವಿನ್ಯಾಸಕ ಪ್ರಕಟಿಸಿದ ಆಬ್ಜೆಕ್ಟಿವ್2 ಆಂಪ್‌ನಲ್ಲಿ ಗೇನ್ ಮೊದಲು, ನಾಬ್ ಆಮೇಲೆ. ಅದರ ವಿನ್ಯಾಸದಲ್ಲೇ ಇಟ್ಟ ಗೇನ್‌ಗಳು 2.5 ಮತ್ತು 6.5 ಪಟ್ಟು. 2 ವೋಲ್ಟ್‌ನ ಡ್ಯಾಕ್ ಜೋಡಿಸಿ 6.5ಕ್ಕೆ ಹಾಕಿದರೆ ಗೇನ್ ಹಂತ 13 ವೋಲ್ಟ್ ಕೊಡಲು ಹೋಗಿ ಅಲ್ಲೇ ಒಡೆಯುತ್ತದೆ. ಅಡಾಪ್ಟರ್‌ನಲ್ಲಿ ಅದರ ಮಿತಿ ಸುಮಾರು 7 ವೋಲ್ಟ್, ಬ್ಯಾಟರಿಯಲ್ಲಿ ಇನ್ನೂ ಕಡಿಮೆ. ಒಡೆದ ಸದ್ದನ್ನೇ ನಾಬ್ ಸಣ್ಣದು ಮಾಡಿ ಕಿವಿಗೆ ಕಳಿಸುತ್ತದೆ. ವಾಲ್ಯೂಮ್ ಎಷ್ಟೇ ಇಳಿಸಿದರೂ ಸದ್ದು ಒಡೆದೇ ಇದ್ದರೆ ಕಾರಣ ಇಲ್ಲಿರಬಹುದು: ಗೇನ್ ಇಳಿಸಿ, ಅಥವಾ ಮೂಲದ ವಾಲ್ಯೂಮ್ ಇಳಿಸಿ.

ಹಂತ 6: ಸ್ವಂತ ಕಟ್ಟುವವರಿಗೆ – ರೆಸಿಸ್ಟರ್ ಬದಲಿಸುವುದು

ಹಳೆಯ ಸಿಮೋಯ್ ನಕ್ಷೆಗಳಲ್ಲಿ ಗೇನ್ 11 ಪಟ್ಟು ಇರುತ್ತದೆ, ಹೆಚ್ಚುಕಡಿಮೆ 21 ಡೆಸಿಬೆಲ್. ಇಂದಿನ ಡಾಂಗಲ್‌ಗಳಿಗೂ ಇಯರ್‌ಫೋನ್‌ಗಳಿಗೂ ಇದು ಅತಿ. ಅದನ್ನೇ ಕಣ್ಣುಮುಚ್ಚಿ ನಕಲು ಮಾಡಬೇಡಿ. ಸೂತ್ರ ಸರಳ: ಗೇನ್ = 1 + (ಆರ್4 ÷ ಆರ್3). ಆರ್3, ಆರ್4 ಅಂದರೆ ಗೇನ್ ನಿರ್ಧರಿಸುವ ಎರಡು ರೆಸಿಸ್ಟರ್‌ಗಳಿಗೆ ನಕ್ಷೆಯಲ್ಲಿ ಕೊಟ್ಟಿರುವ ಹೆಸರು. ಆರ್4 ಅನ್ನು 10 ಕಿಲೋಓಮ್‌ಗೇ ಬಿಟ್ಟು ಆರ್3 ಮಾತ್ರ ಬದಲಿಸಿ:

ಆರ್3 1 ಕಿಲೋಓಮ್ ಇದ್ದರೆ 11 ಪಟ್ಟು
2.2 ಕಿಲೋಓಮ್ – 5.5 ಪಟ್ಟು
3.3 ಕಿಲೋಓಮ್ – 4 ಪಟ್ಟು
4.7 ಕಿಲೋಓಮ್ – 3.1 ಪಟ್ಟು
6.8 ಕಿಲೋಓಮ್ – 2.5 ಪಟ್ಟು
10 ಕಿಲೋಓಮ್ – 2 ಪಟ್ಟು

ಎರಡೂ ಚಾನಲ್‌ಗೆ ಒಂದೇ ಬೆಲೆ, 1 ಪರ್ಸೆಂಟ್‌ನ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ. ಅಂಗಡಿಯಲ್ಲಿ ಕೇಳದೆ ಕೊಡುವುದು 5 ಪರ್ಸೆಂಟ್‌ನ ಕಾರ್ಬನ್. ಅದರ ಏರುಪೇರಿನಲ್ಲಿ ಎಡ–ಬಲಕ್ಕೆ 1 ಡೆಸಿಬೆಲ್‌ವರೆಗೂ, ಕೆಟ್ಟ ಜೋಡಿ ಸಿಕ್ಕರೆ ಅದಕ್ಕಿಂತ ಹೆಚ್ಚೂ ವ್ಯತ್ಯಾಸ ಬರಬಹುದು.

ಎರಡು ಗೇನ್ ಬೇಕೆನ್ನುವವರು ಹೀಗೆ ಮಾಡಿ. ಆರ್3 ಜಾಗದಲ್ಲಿ 6.8 ಕಿಲೋಓಮ್ ಕಾಯಂ ಬೆಸೆಯಿರಿ. ಅದಕ್ಕೆ ಸಮಾಂತರವಾಗಿ 3.3 ಕಿಲೋಓಮ್ ಅನ್ನು ಸ್ವಿಚ್ಚಿನ ಮೂಲಕ ಜೋಡಿಸಿ. ಸ್ವಿಚ್ ತೆರೆದಾಗ 2.5 ಪಟ್ಟು, ಮುಚ್ಚಿದಾಗ ಎರಡೂ ಸೇರಿ 2.2 ಕಿಲೋಓಮ್ ಆಗಿ 5.5 ಪಟ್ಟು. ಎರಡು ಚಾನಲ್ ಇರುವುದರಿಂದ ಡಿಪಿಡಿಟಿ ಟಾಗಲ್ ಸ್ವಿಚ್ ಬೇಕು, ಅಂದರೆ ಒಂದೇ ಕಡ್ಡಿಯಲ್ಲಿ ಎರಡು ಜೋಡಿ ಸಂಪರ್ಕ ಬದಲಾಗುವಂಥದ್ದು. ಸ್ವಿಚ್ಚಿಗೆ ಹೋಗುವ ವೈರ್ ಎರಡು ಇಂಚು ಮೀರದಿರಲಿ.

ಸ್ವಿಚ್ಚನ್ನು ಎಂದಿಗೂ ಆರ್4ರ ದಾರಿಯಲ್ಲಿ ಹಾಕಬೇಡಿ. ಸ್ವಿಚ್ಚಿನ ಕಡ್ಡಿ ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳುವಾಗ ನಡುವೆ ಒಂದು ಕ್ಷಣ ಯಾವುದಕ್ಕೂ ತಾಗಿರುವುದಿಲ್ಲ. ಆ ಕ್ಷಣ ಆರ್4 ಕಡಿದುಹೋದರೆ ಆಪ್‌ಆಂಪ್‌ಗೆ ಹಿಮ್ಮಾಹಿತಿ (ಔಟ್‌ಪುಟ್‌ನ ಒಂದು ಪಾಲು ಇನ್‌ಪುಟ್‌ಗೆ ಮರಳುವುದು) ತಪ್ಪಿ, ಅದರ ಗೇನ್ ಸಾವಿರಾರು ಪಟ್ಟಿಗೆ ಹಾರಿ, ಹೆಡ್‌ಫೋನ್‌ನಲ್ಲಿ ‘ಢಬ್’ ಎಂದು ಬಡಿಯುತ್ತದೆ. ಕಿವಿಗೆ ಹಾಕಿಕೊಂಡಿದ್ದರೆ ಅದರ ಪೆಟ್ಟು ಸಣ್ಣದಲ್ಲ. ಆರ್3ರ ಕಡೆ ಕಡಿದರೆ ಗೇನ್ ಇಳಿಯುತ್ತದೆ, ಅಷ್ಟೇ.

ಐಸಿ ವಿಚಾರ. ಬೆಂಗಳೂರಿನ ಎಸ್‌ಪಿ ರೋಡ್‌ವರೆಗೆ ಹೋಗಲಾಗದವರು ಓಪಿಎ2134 ಬದಲು ಹತ್ತಿರದಲ್ಲಿ ಸಿಕ್ಕ ಎನ್‌ಇ5532 ಹಾಕುವುದುಂಟು. ಕಾಲುಗಳ ಜೋಡಣೆ ಒಂದೇ, ಕೆಲಸವೂ ಮಾಡುತ್ತದೆ. ಆದರೆ ಎನ್‌ಇ5532ರ ಇನ್‌ಪುಟ್ ಕಾಲು ಸುಮಾರು 0.2 ಮೈಕ್ರೋಆಂಪ್ ಕರೆಂಟ್ ಎಳೆಯುತ್ತದೆ. ಸಿಮೋಯ್‌ನ 100 ಕಿಲೋಓಮ್ ಇನ್‌ಪುಟ್ ರೆಸಿಸ್ಟರ್‌ನಲ್ಲಿ ಅದು 20 ಮಿಲಿವೋಲ್ಟ್ ಡಿಸಿ ಆಗುತ್ತದೆ. ಆ ಡಿಸಿಯೂ ಗೇನ್‌ನಿಂದ ಗುಣಿಸಿಕೊಂಡು ಹೊರಬರುತ್ತದೆ: 11 ಪಟ್ಟಿಗೆ 220 ಮಿಲಿವೋಲ್ಟ್! 32 ಓಮ್‌ನ ಹೆಡ್‌ಫೋನ್‌ನ ಸುರುಳಿಗೆ ಇದು ಒಳ್ಳೆಯದಲ್ಲ. ಓಪಿಎ2134ರಲ್ಲಿ ಈ ತೊಂದರೆ ಇಲ್ಲ. ಯಾವ ಐಸಿಯೇ ಇರಲಿ, ಬೆಸುಗೆ ಮುಗಿದ ಮೇಲೆ ಹೆಡ್‌ಫೋನ್ ಹಾಕುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. ಈ ಅಳತೆಗೆ ಹಳದಿ ಡಿಟಿ830ಡಿ ಚೆನ್ನಾಗಿ ಸಾಕು, ಅದರ ಡಿಸಿ ರೇಂಜ್ 200 ಮಿಲಿವೋಲ್ಟ್‌ನಿಂದ ಶುರುವಾಗುತ್ತದೆ. 20 ಮಿಲಿವೋಲ್ಟ್‌ಗಿಂತ ಕಡಿಮೆ ಬಂದರೆ ಮುಂದುವರಿಯಿರಿ.

ಪಾಟ್, ಅಂದರೆ ವಾಲ್ಯೂಮ್ ಕಂಟ್ರೋಲ್, ಕೊಳ್ಳುವಾಗ ಮೈಮೇಲೆ ‘ಎ10ಕೆ’ ಎಂದಿರುವ ಎರಡು ಗ್ಯಾಂಗಿನದನ್ನೇ (ಒಂದೇ ನಾಬ್‌ನಿಂದ ಎರಡು ಚಾನಲ್ ನಡೆಸುವಂಥದ್ದು) ಕೇಳಿ. ‘ಬಿ10ಕೆ’ ಲೀನಿಯರ್; ಅದನ್ನು ಹಾಕಿದರೆ ಮೊದಲ ಕಾಲು ಸುತ್ತಿನಲ್ಲೇ ಎಲ್ಲ ಸದ್ದು ಬಂದುಬಿಡುತ್ತದೆ, ಗೇನ್ ಹೆಚ್ಚಾಯಿತೇನೋ ಎಂದು ನೀವು ರೆಸಿಸ್ಟರ್ ಹುಡುಕುತ್ತಾ ಕೂರುತ್ತೀರಿ.

ಹಂತ 7: ನಾಬ್ ನೋಡಿ ಖಚಿತಪಡಿಸಿಕೊಳ್ಳಿ

ಲೆಕ್ಕ ಬಂದ ಮೇಲೆ ಕಿವಿಯ ಪರೀಕ್ಷೆ. ಲೆಕ್ಕ ಹಾಕದವರೂ ಇದೊಂದನ್ನು ಮಾಡಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ನಾಬನ್ನು ಗಡಿಯಾರದಂತೆ ನೋಡಿ: ಸೊನ್ನೆ ಏಳು ಗಂಟೆಯಲ್ಲಿ, ಪೂರ್ತಿ ಐದು ಗಂಟೆಯಲ್ಲಿ.

ಗೇನ್ ಲೋಗೆ ಹಾಕಿ. ಫೋನಿನ ವಾಲ್ಯೂಮ್ ಪೂರ್ತಿ ಇರಲಿ. ಫೋನನ್ನು ಅರ್ಧಕ್ಕಿಟ್ಟು ಆಂಪ್ ಏರಿಸುವ ಅಭ್ಯಾಸ ಬಿಡಿ. ಹಾಡು ಮಾತ್ರ ಸಣ್ಣದಾಗಿ, ಡಾಂಗಲ್‌ನ ‘ಸುಂಯ್’ ಇದ್ದಷ್ಟೇ ಉಳಿದು, ಆಂಪ್ ಎರಡನ್ನೂ ಹಿಗ್ಗಿಸುತ್ತದೆ. ನಿಮ್ಮಲ್ಲಿರುವ ಅತಿ ಮೆದು ಧ್ವನಿಮುದ್ರಣ ಹಾಕಿ, ನಾಬನ್ನು ಸೊನ್ನೆಯಿಂದ ನಿಧಾನ ಏರಿಸುತ್ತಾ ನಿಮಗೆ ಎಂದಾದರೂ ಬೇಕಾಗಬಹುದಾದ ಅತಿ ಜೋರಿನ ಮಟ್ಟಕ್ಕೆ ತನ್ನಿ. ನಾಬ್ ಒಂದರಿಂದ ಮೂರು ಗಂಟೆಯ ನಡುವೆ ನಿಂತರೆ ಗೇನ್ ಸರಿ. ಪೂರ್ತಿ ತಿರುಗಿದರೂ ಸಾಲದಿದ್ದರೆ ಮಾತ್ರ ಮುಂದಿನ ಗೇನ್. ಒಂಬತ್ತು ಗಂಟೆ ದಾಟುವ ಮೊದಲೇ ಸಾಕಾದರೆ ಗೇನ್ ಹೆಚ್ಚಾಗಿದೆ.

ಸದ್ದು ಸಾಕೇ ಎಂಬುದನ್ನು ನೀವು ಬಳಸುವ ಅತಿ ಗದ್ದಲದ ಜಾಗದಲ್ಲಿ ನೋಡಿ: ದಾವಣಗೆರೆ–ಚಿತ್ರದುರ್ಗ ಬಸ್ಸಿನ ಕಿಟಕಿ ಪಕ್ಕ, ಮಂಡಿಪೇಟೆಯ ಸಂಜೆ. ‘ಸುಂಯ್’ ಇದೆಯೇ ಎಂಬುದನ್ನು ಮಾತ್ರ ರಾತ್ರಿ ಫ್ಯಾನ್ ನಿಲ್ಲಿಸಿ, ಹಾಡು ನಿಲ್ಲಿಸಿ, ಮನೆಯಲ್ಲಿ ಕೇಳಿ. ಬಸ್ಸಿನಲ್ಲಿ ಕೇಳದ ‘ಸುಂಯ್’ ಇಲ್ಲಿ ಕೇಳುತ್ತದೆ. ವೋಲ್ಟ್‌ಗೆ 122 ಡೆಸಿಬೆಲ್ ಇರುವ ಕಿವಿಯೊಳಗಿನ ಇಯರ್‌ಫೋನ್‌ಗೆ 11 ಪಟ್ಟು ಗೇನಿನ ಸಿಮೋಯ್‌ನಿಂದ 20 ಮೈಕ್ರೋವೋಲ್ಟ್‌ನಷ್ಟು ಗದ್ದಲ ಬಂದರೆ ಅದು 28 ಡೆಸಿಬೆಲ್, ಮಲಗುವ ಕೋಣೆಯಲ್ಲಿ ಕೇಳಿಸುವ ಮಟ್ಟ. ಗೇನ್ 2.5ಕ್ಕೆ ಇಳಿಸಿದರೆ ಗದ್ದಲ ಸುಮಾರು 5 ಮೈಕ್ರೋವೋಲ್ಟ್‌ಗೆ, ಕಿವಿಯಲ್ಲಿ 16 ಡೆಸಿಬೆಲ್‌ಗೆ ಇಳಿದು ಮರೆಯಾಗುತ್ತದೆ.

ನಾಬ್ ಇಲ್ಲದೆ ಬಟನ್ ಒತ್ತಿ ವಾಲ್ಯೂಮ್ ಬದಲಿಸುವ ಆಂಪ್‌ಗಳಲ್ಲಿ ಎಡ–ಬಲದ ಏರುಪೇರು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ‘ಸುಂಯ್’ ಮತ್ತು ಒಡೆಯುವಿಕೆ ಎರಡನ್ನೇ ನೋಡಿದರೆ ಸಾಕು.

ಪದೇಪದೇ ಆಗುವ ತಪ್ಪುಗಳು

ಹಾಡು ನಡೆಯುತ್ತಿರುವಾಗಲೇ ಗೇನ್ ಸ್ವಿಚ್ ಬದಲಿಸಬೇಡಿ. ಲೋದಿಂದ ಹೈಗೆ ಒಮ್ಮೆಲೇ 10ರಿಂದ 15 ಡೆಸಿಬೆಲ್ ಜಿಗಿಯುವ ಆಂಪ್‌ಗಳಿವೆ. ಮೊದಲು ನಾಬ್ ಸೊನ್ನೆಗೆ, ಆಮೇಲೆ ಸ್ವಿಚ್.

‘ಹೈನಲ್ಲಿ ಸದ್ದು ತುಂಬಿ ಬರುತ್ತದೆ, ಬಾಸ್ ಗಟ್ಟಿ’ ಎನ್ನುವವರು ಬಹಳ. ಸ್ವಲ್ಪ ಜೋರಿರುವುದು ಚೆನ್ನಾಗಿ ಕೇಳುವುದು ಕಿವಿಯ ಸ್ವಭಾವ. ಹೋಲಿಸಲೇಬೇಕೆಂದರೆ ಅದೇ 100 ಹರ್ಟ್ಸ್ ಟೋನ್ ಹಾಕಿ, ಎರಡೂ ಗೇನ್‌ಗಳಲ್ಲಿ ಔಟ್‌ಪುಟ್ ವೋಲ್ಟ್ ಮೀಟರ್‌ನಲ್ಲಿ ಒಂದೇ ಬರುವಂತೆ ನಾಬ್ ಹೊಂದಿಸಿ, ಆಮೇಲೆ ಹಾಡು ಕೇಳಿ. ಹಾಗೆ ಹೋಲಿಸಿದಾಗ ಹೆಚ್ಚಿನ ಆಂಪ್‌ಗಳಲ್ಲಿ ವ್ಯತ್ಯಾಸ ಉಳಿಯುವುದಿಲ್ಲ.

ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಮೇಲೆ ಬಂದಾಗ, ಚಾರ್ಜರ್‌ಗೆ ಸಿಕ್ಕಿಸಿದ ಆಂಪ್ ‘ಗುರ್ರ್’ ಎಂದರೆ ಗೇನ್ ಬದಲಿಸಬೇಡಿ. ಅಗ್ಗದ ಇನ್ವರ್ಟರ್‌ಗಳ ಚೌಕಾಕಾರದ ಅಲೆ ಚಾರ್ಜರ್ ಮೂಲಕ ಒಳಬರುತ್ತಿದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ. ಸದ್ದು ನಿಂತರೆ ಕಾರಣ ಖಚಿತ.

ಕಿವಿಯ ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ. 90ಕ್ಕೆ ಬಂದರೆ ಇಡೀ ವಾರಕ್ಕೆ ಉಳಿಯುವುದು ನಾಲ್ಕು ಗಂಟೆ. ದಿನವೂ ಗದ್ದಲದ ಬಸ್ಸಿನಲ್ಲಿ ಓಡಾಡುವವರು ಗೇನ್ ಏರಿಸುವ ಬದಲು ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ಟಿಪ್ ಹಾಕಿಕೊಳ್ಳಿ. ಹೊರಗಿನ ಗದ್ದಲ ಕಡಿಮೆಯಾದಷ್ಟೂ ನಾಬ್ ಕೆಳಗೇ ಇರುತ್ತದೆ.

ಕೊನೆಗೆ ಒಂದು ತುಂಡು ಕಾಗದದ ಟೇಪನ್ನು ಆಂಪ್‌ನ ಹಿಂಬದಿಗೆ ಅಂಟಿಸಿ. ಅದರ ಮೇಲೆ ಪ್ರತಿ ಹೆಡ್‌ಫೋನ್‌ನ ಹೆಸರು, ಮೂಲ, ಗೇನ್, ನಾಬ್‌ನ ಗಂಟೆ ಬರೆಯಿರಿ: ‘250 ಓಮ್ – ಡಾಂಗಲ್ – 2.5 ಪಟ್ಟು – ಎರಡು ಗಂಟೆ’. ಹೆಡ್‌ಫೋನ್ ಬದಲಿಸಿದಾಗ ಟೇಪ್ ನೋಡಿ, ಹೊಂದಿಸಿ, ಆಮೇಲೆ ಕಿವಿಗೆ ಹಾಕಿಕೊಳ್ಳಿ.